ಎಷ್ಟು ಎಚ್‌ಪಿ ಅಂತ ಕೇಳೋದು ಮೊದಲು ಬಿಡಿ

ಕಳೆದ ವಾರ ಗೆಳೆಯನೊಬ್ಬ ಫೋನ್ ಮಾಡಿದ್ದ. ಕುಷ್ಟಗಿ ಕಡೆಯವನು, ನನ್ನ ಹಾಗೇ ವೈಟ್‌ಫೀಲ್ಡಿನಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ಟೋನು. ಊರಲ್ಲಿ ಅವನ ಅಣ್ಣ ದಾಳಿಂಬೆ ಹಾಕಿದ್ದಾನೆ.

"ಲೇ, ಒಂದು ಪಿಕಪ್ ತಗೋಳೋಣಂತ ಮಾಡೀನಿ. ದೊಡ್ಡದು, ಪೆಟ್ರೋಲ್ದು. ಹಿಂದ ಒಂದು ಟ್ರೇಲರ್ ಹಚ್ಚಿದ್ರ ಹಣ್ಣಿನ ಕ್ರೇಟೂ ಆತು, ರಜಾ ಇದ್ದಾಗ ಕ್ಯಾರವಾನ್ ಕಟ್ಕೊಂಡು ಆನೆಗೊಂದಿಗೆ ಹೋಗೋದೂ ಆತು. ಎಷ್ಟು ಎಚ್‌ಪಿದು ತಗೋಳ್ಲಿ?"

ಪಾಪ, ಅಮೆರಿಕದ ವಿಡಿಯೋ ನೋಡಿದ್ದಾನೆ. ಅಲ್ಲಿ ಏಳು ಲೀಟರಿನ ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್ನು ಒಂದು ಇಡೀ ಮನೆಯನ್ನೇ ಎಳ್ಕೊಂಡು ಗುಡ್ಡ ಹತ್ತುತ್ತೆ. ನಾನು ಒಂದೇ ಪ್ರಶ್ನೆ ಕೇಳಿದೆ: "ಹತ್ತಿಸ್ತಿ, ಆತು. ಇಳಿವಾಗ ನಿಲ್ಲಿಸೋದು ಹೆಂಗ?"

ಆ ಕಡೆ ಮೌನ. ಈ ಮೌನ ಅವನೊಬ್ಬನದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಗಾಡಿ ಕೊಳ್ಳೋ ಪ್ರತಿಯೊಬ್ಬರ ಮೌನ. ನಾಲ್ಕು ವರ್ಷದ ಹಿಂದೆ ನನ್ನದೂ ಇದೇ ಮೌನ ಆಗಿತ್ತು. ಅದಕ್ಕೆ ನಮ್ಮ ಕಾಕಾ ಒಂದು ಕಾಲಿನ ಬೆಲೆ ಕೊಟ್ಟರು. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಗೆಳೆಯನ ಕನಸಿನ ಲೆಕ್ಕ ಮುಗಿಸೋಣ. ಹೊಸ ಪೆಟ್ರೋಲ್ ಪಿಕಪ್ ಅಂತ ನಮ್ಮೂರ ರಸ್ತೆಗೆ ಬರೋವು ಟಾಟಾ ಏಸ್ ಪೆಟ್ರೋಲ್, ಮಾರುತಿ ಸೂಪರ್ ಕ್ಯಾರಿ ಥರದ ಪುಟ್ಟ ಗಾಡಿಗಳು. ಮುಕ್ಕಾಲು ಟನ್ ಹೊರೋ ಜೀವಗಳು. ತೋಟದಿಂದ ಪೇಟೆಗೆ ಕ್ರೇಟ್ ಸಾಗಿಸೋಕೆ ಚೆನ್ನಾಗಿವೆ. ಕೊಳ್ಳೋ ಬೆಲೆ ಕಡಿಮೆ, ರಿಪೇರಿ ಸುಲಭ, ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸೋರಿಗೆ ಡೀಸೆಲ್‌ಗಿಂತ ಅದೇ ಲೇಸು. ಆದರೆ ಹಿಂದೆ ಟ್ರೇಲರ್ ಕಟ್ಟಿ ಎಳೆಸೋಕೆ ಅವು ಹುಟ್ಟಿಲ್ಲ. ಹೈಲಕ್ಸ್, ವಿ-ಕ್ರಾಸ್ ಅಂತ ದೊಡ್ಡ ಪಿಕಪ್ ಬೇಕಾ? ಅವು ಡೀಸೆಲ್. ಸುಮ್ಮನೆ ಅಲ್ಲ. ಭಾರ ಎಳೆಯೋಕೆ ಬೇಕಾಗೋದು ಇಂಜಿನ್ ನಿಧಾನ ತಿರುಗೋವಾಗಲೇ ಸಿಗೋ ಟಾರ್ಕು. ಪೆಟ್ರೋಲ್ ಇಂಜಿನ್ನಿಗೆ ಅದೇ ಬಲ ಬರಬೇಕಾದರೆ ಜೋರಾಗಿ ತಿರುಗಬೇಕು, ಜೋರಾಗಿ ಕುಡಿಯಬೇಕು. ನಮ್ಮಲ್ಲಿ ಲೀಟರಿಗೆ ಡೀಸೆಲ್‌ಗಿಂತ ಪೆಟ್ರೋಲೇ ದುಬಾರಿ. ಅಮೆರಿಕದವನ ಲೆಕ್ಕವನ್ನ ಕುಷ್ಟಗಿಗೆ ತಂದರೆ ಅದು ಕೂಡೋದಿಲ್ಲ.

ಹಾಗಂತ ಪೆಟ್ರೋಲೋ ಡೀಸೆಲ್ಲೋ ಅನ್ನೋದು ನನ್ನ ತಕರಾರಲ್ಲ. ಆ ವಿಡಿಯೋದಲ್ಲಿ ಅವನು ನೋಡದೇ ಬಿಟ್ಟ ಭಾಗ ಇದೆಯಲ್ಲ, ಅದು ನನ್ನ ತಕರಾರು. ಅಲ್ಲಿ ಎಳೆಸಿಕೊಳ್ಳೋ ಮನೆಗೆ ತನ್ನದೇ ಬ್ರೇಕ್ ಇರುತ್ತೆ. ಅದರ ಮೂತಿ ಪಿಕಪ್ಪಿನ ಹಿಂದೆ ನೇತಾಡೋದಿಲ್ಲ, ಹಿಂದಿನ ಆಕ್ಸೆಲ್ ಮೇಲೇ ಕೂರುತ್ತೆ. ಅದಕ್ಕೇ ಫಿಫ್ತ್ ವೀಲ್ ಅನ್ನೋದು. ಐದನೇ ಗಾಲಿ ಅಂತ ಯಾವುದೂ ಇಲ್ಲ, ಒಂದು ಕಬ್ಬಿಣದ ತಟ್ಟೆ, ಅದರ ಬಾಯಿಗೆ ಕೂರೋ ಒಂದು ದಪ್ಪ ಪಿನ್ನು, ಅಷ್ಟೇ.

ಇದನ್ನ ನೋಡೋಕೆ ಅಮೆರಿಕಕ್ಕೇನೂ ಹೋಗಬೇಕಿಲ್ಲ. ಕೊಪ್ಪಳದಿಂದ ಹೊಸಪೇಟೆ ಕಡೆ ಎನ್‌ಎಚ್ 67ರಲ್ಲಿ ಹೊರಡಿ, ಗಿಣಿಗೇರಾ ಹತ್ತಿರ ಒಂದು ಚಹಾ ಅಂಗಡಿಯಲ್ಲಿ ಕೂತ್ಕೊಳ್ಳಿ. ಕಾರ್ಖಾನೆಗಳ ಕಬ್ಬಿಣ ಹೊತ್ತ ಉದ್ದುದ್ದ ಟ್ರೇಲರ್ ಲಾರಿಗಳು ಕಾಣ್ತವೆ. ಅವೆಲ್ಲ ಫಿಫ್ತ್ ವೀಲ್ ಗಾಡಿಗಳೇ. 1988ರ ಮೋಟಾರು ವಾಹನ ಕಾಯ್ದೆ ಕೂಡ ಇವನ್ನ ಬೇರೆ ಮಾಡಿ ಹೇಳುತ್ತೆ. ತನ್ನ ಭಾರದ ಒಂದು ಪಾಲನ್ನ ಎಳೆಯೋ ವಾಹನದ ಮೇಲೇ ಹೊರಿಸೋದು ಸೆಮಿ-ಟ್ರೇಲರ್, ಸುಮ್ಮನೆ ಹಿಂದೆ ಎಳೆಸಿಕೊಳ್ಳೋದು ಟ್ರೇಲರ್. ಆ ಲಾರಿಗಳಲ್ಲಿ ಟ್ರೇಲರಿನ ಗಾಲಿಗಳಿಗೂ ಗಾಳಿ ಬ್ರೇಕ್ ಇರುತ್ತೆ. ನಡುವಿನ ಪೈಪ್ ಕಿತ್ತುಹೋದರೂ ಟ್ರೇಲರ್ ತಾನೇ ಬ್ರೇಕ್ ಹಿಡ್ಕೊಳ್ಳುತ್ತೆ.

ಈಗ ಅದೇ ರಸ್ತೆಯಲ್ಲಿ, ಅದೇ ಲಾರಿಯ ಪಕ್ಕದಲ್ಲಿ, ನಮ್ಮ ಟ್ರ್ಯಾಕ್ಟರ್ ಬರುತ್ತೆ ನೋಡಿ. ಹಿಂದೆ ಟ್ರೇಲರ್. ಊರ ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಬಣ್ಣ ಇದೆ, ದೇವರ ಹೆಸರಿದೆ, ಹಿಂದಿನ ಹಲಗೆ ಮೇಲೆ ಹೀರೋನ ಚಿತ್ರ ಇದೆ. ಬ್ರೇಕ್ ಇಲ್ಲ. ರಾತ್ರಿ ಹೊಳೆಯೋ ಒಂದು ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ.

ಬನ್ನಿ, ಲೆಕ್ಕ ಮಾಡೋಣ. ಗಂಗಾವತಿ, ಕಾರಟಗಿ ಕಡೆ ಭತ್ತದ ಚೀಲ ಅಂದರೆ 75 ಕೆ.ಜಿ. ನೂರು ಚೀಲ ಹೇರಿದರೆ ಏಳೂವರೆ ಟನ್. ಟ್ರೇಲರಿನ ಕಬ್ಬಿಣದ್ದೇ ಒಂದೂವರೆ ಟನ್ ಹಿಡೀರಿ. ಒಟ್ಟು 9 ಟನ್. ಮುಂದಿರೋ ಟ್ರ್ಯಾಕ್ಟರ್ ತೂಕ ಸುಮಾರು 2 ಟನ್. ನೂರಕ್ಕೆ ಐದರ ಇಳಿಜಾರು, ಅಂದರೆ ನೂರು ಅಡಿಗೆ ಐದಡಿ ಇಳಿಯೋ ರಸ್ತೆ. ಅಲ್ಲಿ ಈ 9 ಟನ್ ಸುಮಾರು 450 ಕೆ.ಜಿ. ಬಲದಿಂದ ಟ್ರ್ಯಾಕ್ಟರಿನ ಬೆನ್ನಿಗೆ ದಬ್ಬುತ್ತೆ. ಬ್ರೇಕ್ ಒತ್ತಿದರೆ ಆ ದಬ್ಬಾಟ ಇನ್ನೂ ಜಾಸ್ತಿ. ಇಷ್ಟನ್ನೂ ತಡೀಬೇಕಾಗಿರೋದು ಟ್ರ್ಯಾಕ್ಟರಿನ ಎರಡೇ ಎರಡು ಹಿಂದಿನ ಗಾಲಿ. ಬಹುತೇಕ ಟ್ರ್ಯಾಕ್ಟರುಗಳಿಗೆ ಮುಂದಿನ ಗಾಲಿಗೆ ಬ್ರೇಕೇ ಇಲ್ಲ. ವೇಗ 20 ಇದ್ದದ್ದು 40 ಆದರೆ ನಿಲ್ಲಿಸೋಕೆ ಬೇಕಾದ ದೂರ ಎರಡು ಪಟ್ಟಲ್ಲ, ಸರಿಸುಮಾರು ನಾಲ್ಕು ಪಟ್ಟು.

ಈ ಲೆಕ್ಕದಲ್ಲಿ ಎಚ್‌ಪಿ ಎಲ್ಲಿ ಬಂತು? ಎಲ್ಲೂ ಬರಲಿಲ್ಲ. ರಸ್ತೆಯಲ್ಲಿ ಹೆಚ್ಚು ಎಚ್‌ಪಿ ಅಂದರೆ ಅದೇ ಭಾರವನ್ನ ಅದೇ ಏರಿನಲ್ಲಿ ಇನ್ನಷ್ಟು ಬೇಗ ಹತ್ತಿಸೋದು. ಅಥವಾ ಇನ್ನಷ್ಟು ಭಾರ ಹೇರೋ ಧೈರ್ಯ ಬರೋದು. ಎರಡೂ ನಿಲ್ಲಿಸೋದನ್ನ ಕಷ್ಟ ಮಾಡೋವೇ. ಬ್ರೇಕ್ ಇಲ್ಲದ ಟ್ರೇಲರಿಗೆ ದೊಡ್ಡ ಇಂಜಿನ್ ತಂದರೆ ನಾವು ಕೊಂಡಿದ್ದು ಶಕ್ತಿ ಅಲ್ಲ, ಅಪಾಯ.

"ಎರಿ ಹೊಲಕ್ಕ ದೊಡ್ಡ ಇಂಜಿನ್ನ ಬೇಕಪಾ, ನಿಂಗೇನ್ ಗೊತ್ತು" ಅಂತೀರಿ. ಒಪ್ಪಿದೆ. ಯಲಬುರ್ಗಾದ ಎರೆಯಲ್ಲಿ ಪಲ್ಟಿ ಹೊಡಿಯೋಕೆ, ಗಂಗಾವತಿಯ ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಮಾಡೋಕೆ, ರೋಟಾವೇಟರ್ ತಿರುಗಿಸೋಕೆ ಎಚ್‌ಪಿ ಬೇಕು. ಆದರೆ ಹೊಲ ಬೇರೆ, ರಸ್ತೆ ಬೇರೆ. ಹೊಲದಲ್ಲಿ ಇಂಜಿನ್ ಬಿಟ್ಟರೆ ನೇಗಿಲು ತಾನೇ ನಿಲ್ಲಿಸುತ್ತೆ. ರಸ್ತೆಯಲ್ಲಿ ಇಂಜಿನ್ ಬಿಟ್ಟರೆ ಟ್ರೇಲರ್ ಮುಂದಕ್ಕೆ ನೂಕುತ್ತೆ. ಹೊಲಕ್ಕೆ ಅಂತ ಇಂಜಿನ್ ಆರಿಸಿ, ರಸ್ತೆಗೆ ಅಂತ ಟ್ರೇಲರ್ ಆರಿಸಿ. ನಾವು ಹೊಲಕ್ಕೆ ಅಂತ ಲಕ್ಷಗಟ್ಟಲೆ ಸುರಿದು, ರಸ್ತೆಗೆ ಅಂತ ಗುಜರಿ ಕಟ್ಕೊಂಡು ಬರ್ತೀವಿ.

ಈಗ ನಮ್ಮನೆ ಕಥೆ.

ಯಲಬುರ್ಗಾ ತಾಲೂಕಿನಲ್ಲಿ ನಮ್ಮದು ಒಣ ಬೇಸಾಯ. ಜೋಳ, ಕಡ್ಲಿ. ನನಗೆ ಪ್ರಮೋಷನ್ ಆದ ವರ್ಷ ತಮ್ಮನಿಗೆ ಟ್ರ್ಯಾಕ್ಟರ್ ಕೊಡಿಸಿದೆ. ಅಪ್ಪ ಹೇಳಿದ್ದು ಚಿಕ್ಕದು ಸಾಕು ಅಂತ. ನಾನು ಬೆಂಗಳೂರಲ್ಲಿ ಕೂತು ಸ್ಪ್ರೆಡ್‌ಶೀಟ್ ಮಾಡಿದೆ. ಎಚ್‌ಪಿಗೆ ಒಂದು ಕಾಲಂ, ಟಾರ್ಕಿಗೆ ಒಂದು, ಇಎಂಐಗೆ ಒಂದು, ಮೈಲೇಜಿಗೆ ಒಂದು. ಬ್ರೇಕಿಗೆ ಕಾಲಂ ಇರಲಿಲ್ಲ. ಟ್ರೇಲರಿಗಂತೂ ಸಾಲೇ ಇರಲಿಲ್ಲ. ಶೋರೂಮಿನವರೂ ಕೇಳಲಿಲ್ಲ. ಐವತ್ತರ ಮೇಲಿನ ಎಚ್‌ಪಿದೇ ಇರಲಿ ಅಂದೆ. ಚಿಕ್ಕದಕ್ಕೂ ದೊಡ್ಡದಕ್ಕೂ ಲಕ್ಷಕ್ಕೆ ಮೀರಿ ವ್ಯತ್ಯಾಸ. ಕೈಯಲ್ಲಿದ್ದ ದುಡ್ಡು ಅಲ್ಲಿಗೇ ಮುಗೀತು. ಟ್ರೇಲರ್ ಹಳೇದು ಸಿಕ್ತು, ಹೊಡ್ಕೊಂಡು ಬಂದ್ವಿ. ಹೂವಿನ ಹಾರ ಹಾಕಿದ ಫೋಟೋ ಸ್ಟೇಟಸ್ಸಿಗೆ ಹಾಕಿದೆ. "ಎಷ್ಟ್ ಎಚ್‌ಪಿದು?" ಅಂತ ನಲವತ್ತು ಜನ ಕೇಳಿದರು. ಖುಷಿ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ.

ಮುಂದಿನ ಫೆಬ್ರವರಿಯಲ್ಲಿ ತಮ್ಮ ಕಡ್ಲಿ ಚೀಲ ಹೇರ್ಕೊಂಡು ಪೇಟೆಗೆ ಹೊರಟ. ಮಡ್‌ಗಾರ್ಡ್ ಮೇಲೆ ಕಾಕಾ ಕೂತಿದ್ದರು. ಊರಾಚೆ ಹಳ್ಳಕ್ಕೆ ಇಳಿಯೋ ಕಡೆ ರಸ್ತೆ ತಿರುವಿದೆ. ಎದುರಿಗೆ ಕುರಿ ಹಿಂಡು ಬಂತು. ತಮ್ಮ ಬ್ರೇಕ್ ಒತ್ತಿದ.

ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಬ್ರೇಕ್ ಪೆಡಲ್ ಇರ್ತವೆ. ಹೊಲದ ಮೂಲೆಯಲ್ಲಿ ಗಿರ್ರಂತ ತಿರುಗಿಸೋಕೆ ಅಂತ. ರಸ್ತೆಗೆ ಇಳಿದಾಗ ಎರಡನ್ನೂ ಕೂಡಿಸೋ ಒಂದು ಚಿಕ್ಕ ಕೊಂಡಿ ಹಾಕಬೇಕು. ಹಾಕಿರಲಿಲ್ಲ. ಯಾರೂ ಹಾಕೋದಿಲ್ಲ. ಒಂದೇ ಗಾಲಿಗೆ ಬ್ರೇಕ್ ಬಿತ್ತು, ಇಂಜಿನ್ ಒಂದು ಕಡೆ ಎಳೀತು, ಹಿಂದಿನ ಭಾರ ದಬ್ಬಿತು. ಟ್ರೇಲರ್ ಅಡ್ಡ ತಿರುಗಿ ಕತ್ತರಿ ಮಡಚಿದ ಹಾಗೆ ಬಂದು ಮಡ್‌ಗಾರ್ಡಿಗೆ ಬಡಿದಿದೆ. ತಮ್ಮ ಹಾರಿದ. ಕಾಕಾಗೆ ಹಾರೋಕೆ ಆಗಲಿಲ್ಲ.

ಎಡಗಾಲು ಮೊಣಕಾಲಿನ ಕೆಳಗೆ ಹೋಯ್ತು. ಟ್ರ್ಯಾಕ್ಟರಿಗೆ ಇರೋದು ಒಂದೇ ಸೀಟು, ಮಡ್‌ಗಾರ್ಡ್ ಮೇಲೆ ಕೂತೋರಿಗೆ ವಿಮೆ ಇಲ್ಲ ಅಂತ ಉತ್ತರ ಬಂತು. ಆಸ್ಪತ್ರೆ ಬಿಲ್ ಕಟ್ಟಿ ಊರಿಗೆ ಹೋದಾಗ ಕಾಕಾ ನನ್ನ ಮೇಲೆ ಸಿಟ್ಟಾಗಲಿಲ್ಲ. "ಇಂಜಿನ್ನಿಗೇನೂ ಆಗಿಲ್ಲಲ್ಲ ತಮ್ಮಾ?" ಅಂತ ಕೇಳಿದರು. ಆ ಮಾತು ಇವತ್ತಿಗೂ ಚುಚ್ಚುತ್ತೆ.

ಅಪ್ಪ ಮಾತ್ರ ಒಂದು ಮಾತು ಹೇಳಿದ. ಹಿಂದಕ್ಕೆ ಎತ್ತು ಕೊಳ್ಳೋಕೆ ಹೋದಾಗ ಏರಿನಲ್ಲಿ ಜಗ್ಗೋದನ್ನ ಎಲ್ಲರೂ ನೋಡ್ತಿದ್ದರಂತೆ, ಅಜ್ಜ ಮಾತ್ರ ಇಳುಕಲಿನಲ್ಲಿ ಹೊಡೆಸಿ ನೋಡ್ತಿದ್ದನಂತೆ. ತುಂಬಿದ ಬಂಡಿಯನ್ನ ಹೆಗಲು ಕೊಟ್ಟು ತಡೆಯೋ ಎತ್ತೇ ಎತ್ತು. ಜಗ್ಗೋ ಎತ್ತು ಎಲ್ಲರ ಮನೆಯಲ್ಲೂ ಇರ್ತಾವ, ತಡಿಯೋ ಎತ್ತು ಸಿಗೋದಿಲ್ಲ ಅಂತಿದ್ದನಂತೆ. ಅಕ್ಷರ ಬಾರದ ಅಜ್ಜನಿಗೆ ಗೊತ್ತಿದ್ದದ್ದು ಇಂಜಿನಿಯರಿಂಗ್ ಓದಿದ ನನ್ನ ಸ್ಪ್ರೆಡ್‌ಶೀಟಿಗೆ ಗೊತ್ತಿರಲಿಲ್ಲ.

"ರೈತನ ಹತ್ರ ದುಡ್ಡೆಲ್ಲಿ ಐತಿ, ಬ್ರೇಕು ಅಂತ ಇನ್ನೊಂದು ಖರ್ಚು ಹಚ್ಚಬ್ಯಾಡ್ರಿ" ಅನ್ನೋ ವಾದ ಬರುತ್ತೆ. ಇದನ್ನ ಹೇಳೋರು ಸಾಮಾನ್ಯವಾಗಿ ರೈತರಲ್ಲ, ರೈತರ ಹೆಸರಲ್ಲಿ ಮಾತಾಡೋ ನಮ್ಮಂಥವರು. ದುಡ್ಡಿಲ್ಲ ಅನ್ನೋದು ನಿಜವಾಗಿದ್ದರೆ ಅಷ್ಟು ದೊಡ್ಡ ಇಂಜಿನ್ನೂ ಬರ್ತಿರಲಿಲ್ಲ, ಅದರ ಮೇಲೆ ಊರಿಗೆಲ್ಲ ಕೇಳೋ ಸೌಂಡ್ ಬಾಕ್ಸೂ ಬರ್ತಿರಲಿಲ್ಲ. ದುಡ್ಡಿದೆ. ಅದು ಕಾಣಿಸೋ ಕಡೆ ಹೋಗ್ತಿದೆ. ಎಚ್‌ಪಿ ಬಾನೆಟ್ಟಿನ ಮೇಲೆ ಬರೆದಿರುತ್ತೆ, ಬ್ರೇಕ್ ಕೆಳಗಿರುತ್ತೆ. ಮತ್ತೆ ಆ ಇಎಂಐ ಎಷ್ಟೋ ಮನೆಗಳಲ್ಲಿ ಕಟ್ತಿರೋದು ನಾವು, ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತವರು. ಹಾಗಾಗಿ ತಪ್ಪು ತಮ್ಮಂದಿರದ್ದಷ್ಟೇ ಅಲ್ಲ, ಚೆಕ್ ಬರೆಯೋರದ್ದೂ ಹೌದು.

ಇದು ಒಂದು ಮನೆಯ ವಿಷಯವೂ ಅಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೀರಲ್ಲ? ಹಳ್ಳಿಹಳ್ಳಿಯಿಂದ ದಾಸೋಹಕ್ಕೆ ಜೋಳದ ರೊಟ್ಟಿ, ಮಾದಲಿ ಹೇರ್ಕೊಂಡು ಟ್ರ್ಯಾಕ್ಟರುಗಳು ಬರ್ತವೆ. ನೋಡೋಕೆ ಎರಡು ಕಣ್ಣು ಸಾಲದು. ಆದರೆ ಆ ರೊಟ್ಟಿ ಬುಟ್ಟಿಗಳ ಜೊತೆ ಟ್ರೇಲರಿನಲ್ಲಿ ನಮ್ಮ ಅಜ್ಜಿಯಂದಿರು, ಮಕ್ಕಳು ಕೂತಿರ್ತಾರೆ. ಅವರ ಕೆಳಗಿರೋ ಗಾಲಿಗೆ ಬ್ರೇಕ್ ಇದೆಯಾ ಅಂತ ಒಮ್ಮೆ ಬಗ್ಗಿ ನೋಡಿ.

ಹಾಗಾದರೆ ಹೆಂಗೆ ಆರಿಸಬೇಕು? ಹಿಂದಿನಿಂದ ಮುಂದಕ್ಕೆ. ಮೊದಲು ನೀವು ಹೇರೋ ಭಾರ ಎಷ್ಟು ಅಂತ ಕಾಟಾದಲ್ಲಿ ತೂಗಿಸಿ, ಅಂದಾಜು ಬೇಡ. ಆಮೇಲೆ ಆ ಭಾರಕ್ಕೆ ತಕ್ಕ, ಬ್ರೇಕ್ ಇರೋ ಟ್ರೇಲರ್ ನೋಡಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿನಿಂದಲೇ ಟ್ರೇಲರಿಗೆ ಬ್ರೇಕ್ ಕೊಡೋ ವ್ಯವಸ್ಥೆ ಇದೆ, ಕೇಳಿ ಹಾಕಿಸಿ. ಟ್ರೇಲರಿಗೂ ರಿಜಿಸ್ಟ್ರೇಷನ್ ಬೇಕು ಅಂತ ಅದೇ 1988ರ ಕಾಯ್ದೆ ಹೇಳುತ್ತೆ, ಮಾಡಿಸಿ. ಎರಡು ಗಾಲಿ ಟ್ರೇಲರಾದರೆ ಭಾರ ಎಲ್ಲಿ ಕೂರುತ್ತೆ ಅನ್ನೋದೇ ಮುಖ್ಯ. ಪೂರಾ ಹಿಂದಕ್ಕೆ ಹೇರಿದರೆ ಇಂಜಿನ್ನಿನ ಹಿಂದಿನ ಗಾಲಿ ಹಗುರಾಗಿ ಜಾರುತ್ತೆ, ಪೂರಾ ಮುಂದಕ್ಕೆ ಹೇರಿದರೆ ಮೂತಿ ಮೇಲೇಳುತ್ತೆ. ಪೆಡಲಿನ ಕೊಂಡಿ ಹಾಕಿ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಸಿ, ಡೀಸೆಲ್ ಉಳಿಸ್ತೀನಂತ ನ್ಯೂಟ್ರಲ್ ಮಾಡಬೇಡಿ. ಇಷ್ಟೆಲ್ಲ ಆದ ಮೇಲೆ ಉಳಿದ ದುಡ್ಡಿಗೆ ಎಷ್ಟು ಎಚ್‌ಪಿ ಬರುತ್ತೋ ಅಷ್ಟು ತಗೊಳ್ಳಿ. ಖಂಡಿತ ಸಾಕಾಗುತ್ತೆ.

ನನ್ನ ಗೆಳೆಯ ಸದ್ಯಕ್ಕೆ ಪುಟ್ಟ ಪೆಟ್ರೋಲ್ ಗಾಡಿಯೊಂದನ್ನ ನೋಡಿದ್ದಾನೆ. ಕ್ರೇಟ್ ಅದರ ಬೆನ್ನ ಮೇಲೇ ಹೋಗ್ತವೆ, ಟ್ರೇಲರ್ ಇಲ್ಲ. ಆನೆಗೊಂದಿಗೆ ಬಸ್ಸಿದೆ.

ನಮ್ಮ ಟ್ರ್ಯಾಕ್ಟರ್ ಈಗಲೂ ಇದೆ. ಹಳೇ ಟ್ರೇಲರ್ ಗುಜರಿಗೆ ಹಾಕಿ ಬ್ರೇಕ್ ಇರೋದು ಮಾಡಿಸಿದ್ವಿ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸೋದಿಲ್ಲ. ಕಾಕಾ ಕಟ್ಟೆ ಮೇಲೆ ಕೂತಿರ್ತಾರೆ, ಕೋಲು ಪಕ್ಕಕ್ಕೆ. ಊರಿಗೆ ಯಾವುದಾದರೂ ಹೊಸ ಟ್ರ್ಯಾಕ್ಟರ್ ಹೂವು ಹಾಕ್ಕೊಂಡು ಬಂದರೆ ಹುಡುಗರು "ಎಷ್ಟ್ ಎಚ್‌ಪಿದು?" ಅಂತ ಓಡ್ತಾರೆ. ಕಾಕಾ ಕೂತಲ್ಲಿಂದಲೇ ಕೂಗಿ ಕೇಳ್ತಾರೆ:

"ಹಿಂದಿಂದಕ್ಕ ಬ್ರೇಕ್ ಐತೇನಪಾ?"