ಕೊಸರಿಲ್ಲದ ವ್ಯಾಪಾರ

ಪಂಪ್‌ವೆಲ್ ಫ್ಲೈಓವರ್ ಕಟ್ಟಿ ಮುಗಿಸಲು ನಮ್ಮ ಊರಿಗೆ ಸುಮಾರು ಹತ್ತು ವರ್ಷ ಹಿಡಿಯಿತು. 2020ರ ಜನವರಿ 31ರಂದು ಅದು ತೆರೆಯುವ ಹೊತ್ತಿಗೆ ಅದರ ಬಗ್ಗೆ ಹುಟ್ಟಿಕೊಂಡಿದ್ದ ಜೋಕುಗಳನ್ನು ಒಟ್ಟು ಮಾಡಿದ್ದರೆ ಒಂದು ಪುಸ್ತಕವೇ ಆಗುತ್ತಿತ್ತು. ಈಗ ಅದೇ ಫ್ಲೈಓವರಿನ ಬುಡದಲ್ಲಿ, ಹತ್ತು ನಿಮಿಷದೊಳಗೆ ಕೊತ್ತಂಬರಿ ಸೊಪ್ಪು ತಲುಪಿಸಬೇಕಾದ ಹುಡುಗರು ಬಸ್ಸು ಲಾರಿಗಳ ನಡುವೆ ಬೈಕು ನುಗ್ಗಿಸುತ್ತಾರೆ. ಮಳೆಗಾಲದಲ್ಲಿ ವೃತ್ತದ ಸುತ್ತ ನೀರು ನಿಂತರೂ ಅವರ ಗಡಿಯಾರ ನಿಲ್ಲುವುದಿಲ್ಲ. ಒಂದು ಸೇತುವೆಗೆ ಹತ್ತು ವರ್ಷ ಕಾದ ಜನಕ್ಕೆ ಒಂದು ಕಟ್ಟು ಸೊಪ್ಪಿಗೆ ಕಾಲು ಗಂಟೆ ಕಾಯಲು ಪುರುಸೊತ್ತಿಲ್ಲ ಎಂದು ನಂಬಿಸಿದವರು ಯಾರು?

ತರಕಾರಿ ತರುವುದು ದಂಡದ ಕೆಲಸ, ಅದರಿಂದ ನಿಮ್ಮನ್ನು ಬಿಡಿಸುತ್ತೇವೆ, ಉಳಿದ ಸಮಯದಲ್ಲಿ ನೀವು ಆರಾಮವಾಗಿ ಬದುಕಿ. ಆ್ಯಪುಗಳ ಜಾಹೀರಾತಿನ ಸಾರ ಇಷ್ಟೇ. ನನಗೆ ಈ ಬಿಡುಗಡೆ ಬೇಡ. ಉಳಿಸಿದ ಸಮಯದಲ್ಲಿ ನಾವು ಮಾಡುವುದೇನು ಎಂದು ಸುತ್ತ ನೋಡಿದ್ದೇನೆ: ಇನ್ನೊಬ್ಬರು ಅಡುಗೆ ಮಾಡುವ ರೀಲ್ಸ್ ನೋಡುತ್ತೇವೆ. ಬೆಳಿಗ್ಗೆ ಚೀಲ ಹಿಡಿದು ಪಂಪ್‌ವೆಲ್‌ನಿಂದ ಕಂಕನಾಡಿಯ ಕಡೆಗೆ ನಡೆಯುವ ಆ ಮುಕ್ಕಾಲು ಗಂಟೆ ನನ್ನ ದಿನದಲ್ಲಿ ಕಳೆದುಹೋದ ಸಮಯವಲ್ಲ. ಅದು ಸುಖ. ಈ ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾದ ಕಾಲ ಬಂದಿದೆ, ಏಕೆಂದರೆ ಸುಖವನ್ನೇ ತಲೆನೋವೆಂದು ಕರೆದು ನಮ್ಮಿಂದ ಕೊಂಡುಕೊಳ್ಳಲಾಗುತ್ತಿದೆ.

ಬೆಂಡೆಕಾಯಿಯ ತುದಿ ಮುರಿದು ಎಳೆಯದೋ ಬಲಿತದ್ದೋ ಎಂದು ತಿಳಿಯುವುದು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು, ಹಲಸನ್ನು ತಟ್ಟಿ ನೋಡುವುದು, ಅನಾನಸಿನ ಬುಡ ಮೂಸುವುದು, ಬಂಗುಡೆಯ ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡಿ, ಬೆರಳಲ್ಲಿ ಒತ್ತಿದ ಜಾಗ ಮತ್ತೆ ಮೇಲೆ ಬರುತ್ತದೆಯೇ ಎಂದು ಪರೀಕ್ಷಿಸುವುದು. ಕಣ್ಣು, ಕಿವಿ, ಮೂಗು, ಬೆರಳು ಒಟ್ಟಿಗೆ ಕೆಲಸ ಮಾಡುವ ಇಂಥ ಜಾಗ ನಮ್ಮ ದಿನಚರಿಯಲ್ಲಿ ಬೇರೆ ಎಲ್ಲಿ ಉಳಿದಿದೆ? ಫೋನಿನ ಗಾಜಿನ ಮೇಲೆ ಬೆಂಡೆಯೂ ಬಂಗುಡೆಯೂ ಒಂದೇ ಥರ ನುಣುಪು.

ಇನ್ನೊಂದು ಮಾತಿದೆ. ನಾನು ಮೀನು ಕೊಳ್ಳುವ ಅಕ್ಕ ವಾರಕ್ಕೊಮ್ಮೆಯಾದರೂ ಬುಟ್ಟಿಗೆ ಕೈ ಅಡ್ಡ ಇಟ್ಟು, ‘ಇದು ಇವತ್ತು ನಿಮಗೆ ಬೇಡ ಅಣ್ಣ, ಐಸಿನದ್ದು, ನಾಳೆ ಬನ್ನಿ’ ಎನ್ನುತ್ತಾರೆ. ವ್ಯಾಪಾರಸ್ಥರೇ ವ್ಯಾಪಾರ ಬೇಡ ಎನ್ನುವ ಈ ಮಾತಿಗೆ ಆ್ಯಪಿನಲ್ಲಿ ಗುಂಡಿಯಿಲ್ಲ. ಅಲ್ಲಿರುವುದು ‘ಇದನ್ನೂ ಸೇರಿಸಿ’ ಎಂಬುದೊಂದೇ. ಅಕ್ಕ ಒಳ್ಳೆಯವರು, ಕಂಪೆನಿ ಕೆಟ್ಟದ್ದು ಎಂಬ ಭಾವುಕತೆಯಿಂದ ಇದನ್ನು ಹೇಳುತ್ತಿಲ್ಲ. ನಾಳೆಯೂ ನನ್ನ ಮುಖ ನೋಡಬೇಕಾದವರು ಇವತ್ತು ನನಗೆ ಕೆಟ್ಟ ಮೀನು ಕೊಡುವುದು ಕಷ್ಟ. ಮುಖವಿದ್ದಲ್ಲಿ ಲೆಕ್ಕ ಬೇರೆ.

ಆ ಲೆಕ್ಕಕ್ಕೆ ಕನ್ನಡದಲ್ಲಿ ಒಂದು ಚಂದದ ಶಬ್ದವಿದೆ: ಕೊಸರು. ಅಳತೆ ಮುಗಿದ ಮೇಲೆ ಕೈಯೆತ್ತಿ ಹಾಕುವ ನಾಲ್ಕು ಹಸಿಮೆಣಸು, ಒಂದೆಸಳು ಬೇವಿನ ಸೊಪ್ಪು, ಬೂತಾಯಿಯ ಮೇಲೆ ಇನ್ನೆರಡು ಬೂತಾಯಿ. ಕೇಳಿದರೆ ಅದು ಹಕ್ಕು, ಕೇಳದೆ ಕೊಟ್ಟರೆ ಪ್ರೀತಿ, ಎರಡೂ ಸೇರಿದರೆ ಸಂಬಂಧ. ಈಗ ಆ್ಯಪಿನ ಬಿಲ್ಲು ತೆಗೆದು ನೋಡಿ: ಡೆಲಿವರಿ ಚಾರ್ಜ್, ಹ್ಯಾಂಡ್ಲಿಂಗ್ ಚಾರ್ಜ್, ಮಳೆ ಬಂದರೆ ಮಳೆಯ ಚಾರ್ಜ್. ಅಳತೆಯ ಮೇಲೆ ಒಂದಿಷ್ಟು ಕೊಡುವುದು ನಮ್ಮ ಸಂತೆಯ ರೂಢಿಯಾಗಿತ್ತು. ಅಳತೆಯ ಮೇಲೆ ಒಂದಿಷ್ಟು ಕೀಳುವುದು ಹೊಸ ರೂಢಿ. ಆ ಹೆಚ್ಚಿನ ಹಣವೆಲ್ಲ ಮಳೆಯಲ್ಲಿ ನೆನೆದು ಬಂದ ಹುಡುಗನ ಜೇಬಿಗೆ ಹೋಗುತ್ತದೆ ಎಂದು ನಂಬುವಷ್ಟು ಮುಗ್ಧರು ಯಾರೂ ಇಲ್ಲ.

ಸಾಹಿತ್ಯದ ಓದುಗರಿಗೆ ಇದರಲ್ಲಿ ಇನ್ನೊಂದು ನಷ್ಟ ಕಾಣಬೇಕು. ತುಳುವಿನಲ್ಲಿ ತೌತೆ ಬೇರೆ, ತೆಕ್ಕರೆ ಬೇರೆ: ಒಂದು ಸಾಂಬಾರಿಗೆ ಬೀಳುವ ಸೌತೆ, ಇನ್ನೊಂದು ಹಸಿಯಾಗಿ ಕಚ್ಚಿ ತಿನ್ನುವ ಮುಳ್ಳುಸೌತೆ. ಜೀಗುಜ್ಜೆ, ಅಂಬಟೆ, ಬಿಂಬುಳಿ, ಪುನರ್ಪುಳಿ, ಕಣಿಲೆ, ತಿಮರೆ, ತಜಂಕ್. ಇವು ಬರಿಯ ತರಕಾರಿ ಸೊಪ್ಪುಗಳ ಪಟ್ಟಿಯಲ್ಲ. ಯಾವ ಹುಳಿ ಯಾವ ಮೀನಿಗೆ, ಯಾವ ಸೊಪ್ಪು ಯಾವ ತಿಂಗಳಿಗೆ ಎಂಬ ತಿಳಿವಳಿಕೆಯನ್ನು ಹೊತ್ತ ಶಬ್ದಗಳು. ಇವುಗಳಲ್ಲಿ ಎಷ್ಟನ್ನು ಫೋನಿನಲ್ಲಿ ಹುಡುಕಿ ತರಿಸಬಲ್ಲಿರಿ? ಮಾರದ ವಸ್ತುವಿನ ಹೆಸರು ಬಹಳ ಕಾಲ ಬದುಕುವುದಿಲ್ಲ. ಗಡಿಯಾಚೆ ಕಾಸರಗೋಡಿನ ನೆಟ್ಟಣಿಗೆಯಲ್ಲಿ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ನಮ್ಮ ಮನೆಯ ಡಬ್ಬಿಯಲ್ಲಿರುವ ಅಕ್ಕಿಯ ತಳಿ ಯಾವುದು ಎಂದು ಕೇಳಿದರೆ ಚೀಲದ ಮೇಲಿನ ಕಂಪೆನಿಯ ಹೆಸರು ಹೇಳುತ್ತೇವೆ.

ಹಾಗಾದರೆ ನಿಜವಾದ ಆಹಾರ ಎಂದರೆ ಯಾವುದು? ‘ಸಂಸ್ಕರಿಸದ್ದು’ ಎಂಬ ಉತ್ತರ ತಟ್ಟನೆ ಬರುತ್ತದೆ, ಮತ್ತು ಅದು ತಪ್ಪು. ನಮ್ಮ ಕುಚ್ಚಲಕ್ಕಿಯೇ ಸಂಸ್ಕರಿಸಿದ ಆಹಾರ. ಭತ್ತವನ್ನು ಸಿಪ್ಪೆಸಮೇತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಹೀಗೆ ಬೇಯುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ. ಒಣಮೀನು, ಹಪ್ಪಳ, ಮಿಡಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ ಎಲ್ಲವೂ ಸಂಸ್ಕರಿಸಿದವೇ. ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಈ ಗೊಂದಲವನ್ನು ಬಿಡಿಸಿದರು. ಉಪ್ಪು ಹಾಕಿ ಒಣಗಿಸಿದ್ದನ್ನೂ, ಆಹಾರವನ್ನು ಪಿಷ್ಟ, ಎಣ್ಣೆ, ಸಕ್ಕರೆಗಳಾಗಿ ಒಡೆದು, ಬಣ್ಣ ರುಚಿ ಸೇರಿಸಿ ಕಾರ್ಖಾನೆಯಲ್ಲಿ ಮರಳಿ ಕಟ್ಟಿದ್ದನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂದರು. ಎರಡನೆಯದಕ್ಕೆ ‘ಅತಿಸಂಸ್ಕರಿತ’ ಎಂಬ ಹೆಸರು ನಿಂತಿತು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಒಂದು ತಿಂಗಳು ಸಂಸ್ಥೆಯಲ್ಲೇ ಇರಿಸಿಕೊಂಡು ಎರಡು ವಾರ ಒಂದು ಬಗೆಯ, ಎರಡು ವಾರ ಇನ್ನೊಂದು ಬಗೆಯ ಊಟ ಕೊಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಸರಿಸಮ. ಬೇಕಾದಷ್ಟು ತಿನ್ನಿ ಎಂದಾಗ ಅತಿಸಂಸ್ಕರಿತ ಊಟದಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಕೈ ನಿಲ್ಲದಂತೆ ಮಾಡುವ ಗುಣ ಆ ತಿಂಡಿಗಳಲ್ಲೇ ಇದೆ ಎಂದಾಯಿತು. ಬಾಯಿ ಚಪಲ ಎಂದು ನಮ್ಮನ್ನು ನಾವೇ ಬೈದುಕೊಳ್ಳುವ ಮೊದಲು ಇದನ್ನು ನೆನಪಿಡಿ.

ಬೂತಾಯಿಯ ಕತೆ ಇದಕ್ಕಿಂತ ಕಹಿ. ಬಡವರ ಮೀನು ಎಂದೇ ಹೆಸರಾದ ಇದರಲ್ಲಿ ಒಮೆಗಾ-3 ಕೊಬ್ಬು ಧಾರಾಳ. ಮಂಗಳೂರು, ಉಳ್ಳಾಲ, ಉಡುಪಿ ಕರಾವಳಿಯ ಕಾರ್ಖಾನೆಗಳಲ್ಲಿ ರಾಶಿ ರಾಶಿ ಬೂತಾಯಿ ಮೀನುಹುಡಿಯಾಗಿ, ಮೀನೆಣ್ಣೆಯಾಗಿ ಸಿಗಡಿ ಕೆರೆಗಳಿಗೂ ಕೋಳಿ ಫಾರ್ಮುಗಳಿಗೂ ಹೋಗುತ್ತದೆ. ಬೆಳೆಯದ ಮರಿಗಳನ್ನೂ ಬಲೆ ಬಿಡುವುದಿಲ್ಲ. ಅದೇ ಊರಿನ ಮೆಡಿಕಲ್ ಶಾಪಿನಲ್ಲಿ ನಾವು ಒಮೆಗಾ-3 ಗುಳಿಗೆಯ ಬಾಟಲಿ ಕೊಳ್ಳುತ್ತೇವೆ. ಮೀನನ್ನು ಮೀನಾಗಿಯೇ ತಿನ್ನಲು ನಾಚಿಕೆಯಾದರೆ ಹೀಗಾಗುತ್ತದೆ. ಸಾತ್ವಿಕ, ಶುದ್ಧ ಎಂಬ ಚೀಟಿ ಅಂಟಿಸಿದ್ದು ಮಾತ್ರ ನಿಜವಾದ ಆಹಾರ ಎಂದು ಉಪದೇಶಿಸುವವರಿಗೂ ನನ್ನ ಉತ್ತರ ಇದೇ: ಗಂಜಿಯ ಜೊತೆ ಸುಟ್ಟ ಒಣಮೀನು ನಿಮ್ಮ ಸಾವಯವ ಓಟ್ಸ್‌ಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆ ನಿಜವಲ್ಲ.

ನನ್ನ ಪಕ್ಷದಲ್ಲೇ ನಿಂತು ಕೆಲಸ ಕೆಡಿಸುವವರೂ ಇದ್ದಾರೆ. ಮೊದಲನೆಯವರು ಅಮ್ಮನ ಕೈರುಚಿಯ ಬಗ್ಗೆ ಪ್ರಬಂಧ ಬರೆಯುವ ಗಂಡಸರು. ಆ ಪ್ರಬಂಧಗಳಲ್ಲಿ ಅರೆಯುವ ಕಲ್ಲಿನ ಸದ್ದಿರುತ್ತದೆ, ಒಲೆಯ ಹೊಗೆಯ ಘಮವಿರುತ್ತದೆ. ಅಮ್ಮನ ಸೊಂಟನೋವು ಮಾತ್ರ ಇರುವುದಿಲ್ಲ. ಬರೆದವರು ಒಂದು ತಂಬುಳಿಯನ್ನಾದರೂ ಸ್ವತಃ ಕಡೆದಿದ್ದಾರೆಯೇ ಎಂಬುದೂ ತಿಳಿಯುವುದಿಲ್ಲ. ಮಿಕ್ಸಿ, ಕುಕ್ಕರು ಬಂದದ್ದು ಒಳ್ಳೆಯದೇ ಆಯಿತು. ನಿಜವಾದ ಊಟ ಬೇಕೆನ್ನುವ ಗಂಡಸು ಚೀಲವನ್ನೂ ಸೌಟನ್ನೂ ತಾನೇ ಹಿಡಿಯಬೇಕು. ಹೆಂಗಸರ ಬಿಟ್ಟಿ ದುಡಿಮೆಯ ಮೇಲೆ ನಿಂತ ರುಚಿಯನ್ನು ನಾನು ಸಮರ್ಥಿಸಲಾರೆ.

ಎರಡನೆಯವರು ಹಸಿವನ್ನು ಹಬ್ಬ ಮಾಡಿದವರು. ಆಟಿ ಎಂದರೆ ಮಳೆ ಹೊರಗೆ ಹೋಗಲು ಬಿಡದ, ಕಣಜ ಬರಿದಾದ ತಿಂಗಳು. ಸಿಕ್ಕಿದ ಸೊಪ್ಪು, ಹಲಸಿನ ಬೀಜ, ಕೆಸುವಿನ ಎಲೆಯಲ್ಲಿ ಹೊಟ್ಟೆ ತುಂಬಿಸಿಕೊಂಡ ಜನರ ಜಾಣತನ ಅದರ ಹಿಂದಿದೆ. ಇವತ್ತು ‘ಆಟಿಡೊಂಜಿ ದಿನ’ದ ಹೆಸರಿನಲ್ಲಿ ಎಸಿ ಹಾಲಿನಲ್ಲಿ ಮೂವತ್ತು ಬಗೆಯ ಬಫೆ ಇಡುತ್ತೇವೆ. ವರ್ಷದ ಉಳಿದ ದಿನಗಳಲ್ಲಿ ಅದೇ ತಿಮರೆಯನ್ನು ರಸ್ತೆಬದಿ ಮಾರುವ ಅಜ್ಜಿಯ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ನೆನಪಿನಲ್ಲಿ ಉಣ್ಣುವುದನ್ನು ಬಿಟ್ಟು ಬಟ್ಟಲಲ್ಲಿ ಉಣ್ಣೋಣ.

‘ಇದೆಲ್ಲ ದುಡ್ಡಿದ್ದವರ ಮಾತು, ನಾವು ಪಿಜಿಯಲ್ಲಿರುವವರು’ ಎಂದು ಪಂಪ್‌ವೆಲ್ ಸುತ್ತಮುತ್ತಲಿನ ವಿದ್ಯಾರ್ಥಿಗಳು ಹೇಳುವುದನ್ನು ಕೇಳಿದ್ದೇನೆ. ಸಮಯದ ಅಡಚಣೆ ಸುಳ್ಳಲ್ಲ, ಅಡುಗೆಮನೆಯಿಲ್ಲದ ಕೋಣೆಯೂ ಸುಳ್ಳಲ್ಲ. ಆದರೆ ದುಬಾರಿ ಎಂಬ ಮಾತನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಡಬ್ಬಿ ಪ್ರೋಟೀನ್ ಪೌಡರಿನ ಬೆಲೆಗೆ ಎಷ್ಟು ಮೊಟ್ಟೆ, ಎಷ್ಟು ಹೆಸರುಕಾಳು, ಎಷ್ಟು ಬಾಳೆಹಣ್ಣು ಬರುತ್ತದೆ? ನಾಲ್ವರು ಸೇರಿ ಒಂದು ಕುಕ್ಕರು ಕೊಂಡರೆ ಗಂಜಿಗೆ ಕಾವಲು ಬೇಕಿಲ್ಲ. ಅದಕ್ಕೊಂದು ಚಟ್ನಿ, ಒಂದು ಉಪ್ಪಿನಕಾಯಿ. ಕೊಳ್ಳುವುದು, ಹೆಚ್ಚುವುದು, ಬಡಿಸಿಕೊಳ್ಳುವುದು ಗೆಳೆತನಕ್ಕೂ ದಾರಿ. ಪ್ರತಿಯೊಬ್ಬರೂ ಬೇರೆ ಬೇರೆ ಪೊಟ್ಟಣ ಹರಿದು ಬೇರೆ ಬೇರೆ ಪರದೆ ನೋಡುತ್ತಾ ತಿನ್ನುವ ಕೋಣೆಯಲ್ಲಿ ಉಳಿತಾಯವಾದದ್ದು ಏನು?

ಇಲ್ಲಿಯವರೆಗೆ ಹೇಳಿದ್ದೆಲ್ಲ ನನ್ನ ನಿಮ್ಮ ಚೀಲದ ಮಾತಾಯಿತು. ಆದರೆ ಚೀಲ ಹಿಡಿದು ಹೋಗಲು ಜಾಗವಿರಬೇಕಲ್ಲ? 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಮಂಗಳೂರಿನ ಸೆಂಟ್ರಲ್ ಮಾರುಕಟ್ಟೆಯನ್ನು ಮುಚ್ಚಿ ಸಗಟು ವ್ಯಾಪಾರಿಗಳನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳಿಸಲಾಯಿತು. ಬಳಿಕ ಹಳೆಯ ಕಟ್ಟಡವನ್ನು ಕೆಡವಲಾಯಿತು. ಕಟ್ಟಡ ಹಳತಾಗಿತ್ತು, ನಿಜ. ಆದರೆ ಊರಿನ ನಡುವಿನಿಂದ ಸಂತೆಯನ್ನು ಎತ್ತಿ ಹೊರಗೆ ಹಾಕಿದರೆ ಆ ಖಾಲಿ ಜಾಗಕ್ಕೆ ಮಾಲುಗಳೂ ಆ್ಯಪುಗಳೂ ತಾವಾಗಿಯೇ ಬಂದು ಕೂರುತ್ತವೆ. ಆಮೇಲೆ ‘ಜನ ಬದಲಾಗಿದ್ದಾರೆ, ಅವರಿಗೆ ಇದೇ ಬೇಕು’ ಎನ್ನುವುದು ಸುಲಭ.

ರಸ್ತೆಬದಿಯ ಮಾರಾಟಗಾರರ ಕತೆಯೂ ಅಷ್ಟೇ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರನ್ನು ಅತಿಕ್ರಮಣಕಾರರೆಂದು ಕರೆಯುವುದಿಲ್ಲ. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಎನ್ನುತ್ತದೆ. ಕೊಳ್ಳುವವರೂ ಮಾರುವವರೂ ಬಹುಕಾಲದಿಂದ ಸೇರುತ್ತಾ ಬಂದ ಜಾಗವನ್ನು ಸಹಜ ಮಾರುಕಟ್ಟೆ ಎಂದು ಗುರುತಿಸುತ್ತದೆ. ಕಾಯ್ದೆ ಹೀಗಿರುವಾಗ ಬುಟ್ಟಿ ಎತ್ತಿಸುವ ಜೆಸಿಬಿಯನ್ನು ನೋಡಿ ‘ಫುಟ್‌ಪಾತ್ ಖಾಲಿಯಾಯಿತು, ಒಳ್ಳೆಯದಾಯಿತು’ ಎಂದು ಚಪ್ಪಾಳೆ ಹೊಡೆಯುವವರು ನಮ್ಮಲ್ಲೇ ಇದ್ದಾರೆ. ಅವರಿಗೆ ನಡೆಯಲು ಜಾಗ ಬೇಕು, ಸರಿ. ಬಸಳೆ ಮಾರುವ ಹೆಂಗಸಿಗೆ ಕೂರಲು ಎರಡು ಚದರಡಿ ಬೇಡವೇ? ಎರಡಕ್ಕೂ ಜಾಗ ಮಾಡುವುದೇ ನಗರ ಯೋಜನೆ. ಒಂದನ್ನು ಗುಡಿಸಿ ಹಾಕುವುದಕ್ಕೆ ಯೋಜನೆ ಬೇಕಿಲ್ಲ, ಪೊರಕೆ ಸಾಕು.

ಆದ್ದರಿಂದ ಕೇಳುವುದಿಷ್ಟು. ಹೊಸದಾಗಿ ಕಟ್ಟುವ ಮಾರುಕಟ್ಟೆಗಳಲ್ಲಿ ಸೊಪ್ಪು, ಮೀನು, ಹಣ್ಣು ಮಾರುವವರಿಗೆ ನೆಲಮಹಡಿ ಸಿಗಬೇಕು. ಬುಟ್ಟಿ ಹೊತ್ತವರು ಮೂರನೇ ಮಹಡಿ ಹತ್ತುವುದಿಲ್ಲ, ಚೀಲ ಹಿಡಿದವರೂ ಹತ್ತುವುದಿಲ್ಲ. ವ್ಯಾಪಾರ ಸಮಿತಿಯ ಸಭೆಗಳು ಕಾಯ್ದೆಯ ಪ್ರಕಾರ ನಡೆಯಬೇಕು, ಅಲ್ಲಿ ಏನಾಯಿತೆಂದು ನಾವು ಕೇಳುತ್ತಿರಬೇಕು. ನಮ್ಮ ಪಾಲಿನ ಕೆಲಸ ಇನ್ನೂ ಸುಲಭ: ಈ ವಾರ ಒಂದು ಬೆಳಿಗ್ಗೆ ಫೋನನ್ನು ಮನೆಯಲ್ಲೇ ಬಿಟ್ಟು ಚೀಲ ತೆಗೆದುಕೊಂಡು ಹೋಗಿ. ಹೆಸರು ಗೊತ್ತಿಲ್ಲದ ಒಂದು ಸೊಪ್ಪನ್ನು ತೋರಿಸಿ, ‘ಇದು ಏನಕ್ಕ, ಹೇಗೆ ಮಾಡುವುದು?’ ಎಂದು ಕೇಳಿ. ಹೇಳಿದ್ದನ್ನು ಮಾಡಿ ತಿನ್ನಿ. ಕೊಸರು ಕೇಳಲು ಮರೆಯಬೇಡಿ.