ಕತ್ತಿಗೆ ಪರೀಕ್ಷೆ ಉಂಟು, ಶ್ವಾಸಕೋಶಕ್ಕೆ ಯಾಕಿಲ್ಲ?



ಸ್ವಲ್ಪ ಉದ್ದದ ಪೋಸ್ಟ್. ಪುತ್ತೂರು, ಸುಳ್ಯ, ಕಡಬದವರು ದಯವಿಟ್ಟು ಕೊನೆತನಕ ಓದಿ.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಜೆ. ಈಶ್ವರ ಭಟ್ ಮತ್ತು ಎನ್. ರಾಘವೇಂದ್ರ ಲೋಹದ ಸವೆತದ ಬಗ್ಗೆ ಸಂಶೋಧನೆ ಮಾಡಿದವರು. 2016ರಲ್ಲಿ ಬಂದ ಅವರ ಒಂದು ಪ್ರಬಂಧದ ವಿಷಯ ಇದು: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅಲ್ಯುಮಿನಿಯಂ ಕರಗುವುದನ್ನು ಎಳೆ ಅಡಿಕೆಯ ಸಾರ ತಡೆಯುತ್ತದೆಯೇ? ತಡೆಯುತ್ತದೆ. ಸಾರದಲ್ಲಿರುವ ಅಣುಗಳು ಲೋಹದ ಮೈಗೆ ಅಂಟಿ ಪೊರೆಯ ಹಾಗೆ ನಿಲ್ಲುತ್ತವೆ. ಲೋಹವನ್ನು ಮೊದಲು ತೂಗಿ, ಆಮ್ಲದಲ್ಲಿಟ್ಟು, ತೆಗೆದು ಮತ್ತೆ ತೂಗಿದರೆ ಎಷ್ಟು ಸವೆಯಿತು ಅಂತ ಲೆಕ್ಕ ಸಿಗ್ತದೆ.

ಇದು ಸಣ್ಣ ವಿಷಯ ಅಲ್ಲ. ಲೋಹದ ಸವೆತದಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 2.5 ಟ್ರಿಲಿಯನ್ ಡಾಲರ್ ನಷ್ಟ ಅಂತ ಅದೇ 2016ರಲ್ಲಿ ಅಂತಾರಾಷ್ಟ್ರೀಯ ವರದಿಯೊಂದು ಹೇಳಿತ್ತು. ಹಾಗಾಗಿ ಈ ಸಂಶೋಧನೆಯ ಮೇಲೆ ನನ್ನ ತಕರಾರಿಲ್ಲ, ಗೌರವ ಉಂಟು. ನನ್ನ ಪ್ರಶ್ನೆ ಬೇರೆ. ಅಡಿಕೆ ಲೋಹವನ್ನು ಕಾಯ್ತದೆ ಅಂತ ತೂಗಿ ನೋಡಿದ್ದಾಯ್ತು. ಆ ಅಡಿಕೆಯನ್ನು ಕೊಳೆರೋಗದಿಂದ ಕಾಯುವವನ ಮೈ ಎಷ್ಟು ಸವೆಯಿತು ಅಂತ ತೂಗುವುದು ಯಾರು?

1910ರಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮದ್ದು ಅಂತ ತೋರಿಸಿಕೊಟ್ಟರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇವತ್ತಿಗೂ ಅದೇ ಲೆಕ್ಕ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ.

ದ್ರಾವಣ ಸರಿಯಾಗಿದೆಯಾ ಅಂತ ನೋಡುವ ಕ್ರಮ ನಮ್ಮ ಕಾಲೊನಿಯ ಯಾವ ಹಿರಿಯರನ್ನು ಕೇಳಿದರೂ ಹೇಳ್ತಾರೆ. ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಅಲಗು ಕೆಂಪಾದರೆ ಸುಣ್ಣ ಸಾಲದು. ಅಲ್ಲಿ ಆಗುವುದು ಕಾಲೇಜಿನಲ್ಲಿ ಕಲಿಸುವ ಪಾಠವೇ: ಕಬ್ಬಿಣ ಕರಗಿ ನೀರಿಗೆ ಹೋಗ್ತದೆ, ಅದರ ಜಾಗದಲ್ಲಿ ತಾಮ್ರ ಬಂದು ಕೂರ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ಮದ್ದು ಕಲಸಬಾರದು ಅನ್ನುವುದೂ ಇದಕ್ಕೇ. ಶಾಲೆ ಮೆಟ್ಟಿಲು ಹತ್ತದ ನಮ್ಮಜ್ಜಂದಿರು ಪ್ರತಿ ಮಳೆಗಾಲ ಮಾಡಿದ್ದು ಲೋಹ ಸವೆತದ ಪ್ರಯೋಗ. ಅದಕ್ಕೆ ಯಾರೂ ವಿಜ್ಞಾನ ಅಂತ ಹೆಸರಿಡಲಿಲ್ಲ, ಕೂಲಿ ಅಂದರು.

ಕತ್ತಿಯ ಮೇಲೆ ಕೂರುವ ತಾಮ್ರ ಕಣ್ಣಿಗೆ ಕಾಣ್ತದೆ. ಉಸಿರಿನ ಜೊತೆ ಒಳಗೆ ಹೋದದ್ದು ಕಾಣುವುದಿಲ್ಲ. 1969ರಲ್ಲಿ ಪೋರ್ಚುಗಲ್‌ನ ಇಬ್ಬರು ವೈದ್ಯರು ದ್ರಾಕ್ಷಿ ತೋಟದಲ್ಲಿ ವರ್ಷಗಟ್ಟಲೆ ಇದೇ ಬೋರ್ಡೋ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿದ ಗಂಟುಗಳನ್ನು ಕಂಡು, ಅದು ಹೊಸ ಔದ್ಯೋಗಿಕ ರೋಗ ಅಂತ ಬರೆದರು. ‘ದ್ರಾಕ್ಷಿ ತೋಟದ ಸಿಂಪಡಿಕೆಯವರ ಶ್ವಾಸಕೋಶ’ ಅಂತಲೇ ಅದರ ಹೆಸರು. ಅಂದರೆ ಅರ್ಧ ಶತಮಾನದಿಂದ ಗೊತ್ತಿರುವ ವಿಷಯ. ಈಗ ಕಾರ್ಬನ್ ಫೈಬರ್ ದೋಟಿ ಬಂದು ಮರ ಏರುವ ಅಪಾಯ ಕಡಿಮೆಯಾಗಿದೆ, ಒಳ್ಳೆಯದೇ. ಆದರೆ ಕೆಳಗೆ ನಿಂತು ಬಿಡುವವನ ಮುಖದ ಮೇಲೆಯೇ ಮದ್ದಿನ ಹನಿ ಇಳೀತದೆ. ಕಟ್ಟಿಕೊಳ್ಳುವುದು ಒಂದು ಬೈರಾಸು.

ಕೆಲವರು ಕೇಳ್ತಾರೆ, “ಎಲ್ಲದಕ್ಕೂ ಜಾತಿ ತರ್ತೀರಿ, ಲೋಹಕ್ಕೆ ಜಾತಿ ಉಂಟಾ ಮಾರಾಯ್ರೆ?” ಲೋಹಕ್ಕೆ ಇಲ್ಲ. ಮದ್ದು ಕಲಸುವ ಕೈಗೆ ಉಂಟು. ಸ್ವಂತ ತೋಟಕ್ಕೆ ತಾವೇ ಮದ್ದು ಬಿಡುವ ಸಣ್ಣ ಕೃಷಿಕರು ಎಲ್ಲ ಜಾತಿಯಲ್ಲೂ ಇದ್ದಾರೆ, ಅವರ ಶ್ವಾಸಕೋಶವೂ ಶ್ವಾಸಕೋಶವೇ. ಆದರೆ ದಿನಗೂಲಿಗೆ ಊರಿಡೀ ತೋಟದಿಂದ ತೋಟಕ್ಕೆ ಹೋಗುವ ಮುಗೇರ, ಆದಿದ್ರಾವಿಡ ಅಣ್ಣಂದಿರ ಮೈಮೇಲೆ ಬೀಳುವ ಪ್ರಮಾಣ ಬೇರೆ.

ಅಡಿಕೆ ಸೀಮೆಯ ವಿಶ್ವವಿದ್ಯಾನಿಲಯದಲ್ಲಿ ಅಡಿಕೆಯೇ ಸಂಶೋಧನೆಯಾಯ್ತು. ಸಹಜ, ಕಣ್ಣೆದುರು ಇದ್ದದ್ದೇ ಪ್ರಶ್ನೆಯಾಗ್ತದೆ. ಹಾಗಾದರೆ ಮದ್ದಿನ ಡ್ರಮ್ಮಿನ ಎದುರು ಬೆಳೆದ ಹುಡುಗಿ ಅದೇ ಪ್ರಯೋಗಾಲಯಕ್ಕೆ ಹೋದರೆ ಅವಳ ಪ್ರಶ್ನೆ ಅಪ್ಪನ ಉಸಿರಿನ ಬಗ್ಗೆ ಇರ್ತದೆ. ಅದಕ್ಕೇ ನಾನು ಸಂಶೋಧನೆಯಲ್ಲಿ ಮೀಸಲಾತಿ ಬೇಕು ಅನ್ನುವುದು. ಅದು ಬರೀ ಕೆಲಸದ ಮಾತಲ್ಲ, ಯಾವ ಪ್ರಶ್ನೆ ಕೇಳ್ತೇವೆ ಅನ್ನುವ ಮಾತು. ಆದರೆ ಪಿಎಚ್‌.ಡಿ. ಅಂದರೆ ನಾಲ್ಕೈದು ವರ್ಷ. ಫೆಲೋಶಿಪ್ ತಡವಾದರೆ ತೋಟ ಇರುವವನಿಗೆ ಮನೆಯಿಂದ ದುಡ್ಡು ಬರ್ತದೆ, ಕೂಲಿಯವನ ಮಗಳು ವಾಪಸ್ ಮನೆಗೆ ಬರ್ತಾಳೆ. ವಿಜ್ಞಾನ ಬರಹಗಾರನಾಗಬೇಕು ಅಂದುಕೊಂಡಿದ್ದ ರೋಹಿತ್ ವೇಮುಲ 2016ರ ಜನವರಿ 17ರಂದು ಹೋಗುವಾಗ ಅವನಿಗೆ ಏಳು ತಿಂಗಳ ಫೆಲೋಶಿಪ್ ಬಾಕಿ ಇತ್ತು.

ನಾವು ಕೇಳಬೇಕಾದ್ದು ಮೂರು:

1. ಮೂರೂ ತಾಲೂಕಿನಲ್ಲಿ ಮದ್ದು ಬಿಡುವವರಿಗೆ ವರ್ಷಕ್ಕೊಮ್ಮೆ ಸರಕಾರದ ಖರ್ಚಿನಲ್ಲಿ ಶ್ವಾಸಕೋಶ ಪರೀಕ್ಷೆ.
2. ಮೈಲುತುತ್ತಿಗೆ ಸಬ್ಸಿಡಿ ಕೊಡುವಾಗ ಅದರ ಜೊತೆಗೇ ಮಾಸ್ಕ್, ಕನ್ನಡಕ, ಗ್ಲೌಸ್. ಕೊಡುವುದು ತೋಟದ ಯಜಮಾನರ ಜವಾಬ್ದಾರಿ.
3. ದಲಿತ ಸಂಶೋಧನಾ ವಿದ್ಯಾರ್ಥಿಗಳಿಗೆ ತಿಂಗಳು ತಪ್ಪದೆ ಫೆಲೋಶಿಪ್.

ಮುಂದಿನ ಗ್ರಾಮಸಭೆಯಲ್ಲಿ ಒಂದನೆಯದ್ದನ್ನು ಬರೆದು ಕೊಡಿ, ನಿರ್ಣಯ ಮಾಡಿಸಿ. ನಿಮ್ಮ ಮನೆಯಲ್ಲಿ ಮದ್ದು ಬಿಡುವವರಿಗೆ ಕೆಮ್ಮು ಬಿಡದೆ ಇದ್ದರೆ ಬೀಡಿಯ ಕೆಮ್ಮು ಅಂತ ಸುಮ್ಮನಿರಬೇಡಿ. ಡಾಕ್ಟರರ ಹತ್ತಿರ ಕರ್ಕೊಂಡು ಹೋಗಿ, ಏನು ಕೆಲಸ ಮಾಡ್ತಾರೆ ಅಂತ ಬಾಯಿಬಿಟ್ಟು ಹೇಳಿ.

ಜೈಭೀಮ್.