ಕೊಟ್ಟಿಗೆಗೂ ಒಂದು ಗಟ್ಟಿ ಬಾಗಿಲಿರಲಿ



ಕಾಫಿ, ಅಡಿಕೆ ಚೀಲಗಳನ್ನಿಡುವ ಕೋಣೆಗೆ ನಾವೆಲ್ಲರೂ ಗಟ್ಟಿ ಬಾಗಿಲಿಟ್ಟು ಬೀಗ ಜಡಿಯುತ್ತೇವೆ. ತೋಟಕ್ಕೆ ಗೊಬ್ಬರವನ್ನೂ ಮನೆಗೆ ಹಾಲನ್ನೂ ಕೊಡುವ ಹಸುವಿನ ಕೊಟ್ಟಿಗೆಗೆ ಮಾತ್ರ ಒಂದು ಬಿದಿರ ತಟ್ಟಿ, ಅದಕ್ಕೊಂದು ಹಗ್ಗ! ನಾಗರಹೊಳೆಯ ಅಂಚಿನ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಚಿರತೆಯ ಕಾಟ ಹೊಸದಲ್ಲ. ಕಾಡಿಗೆ ದೂರವಾದ ಕೃಷ್ಣರಾಜನಗರದ ಕಬ್ಬಿನ ಗದ್ದೆಗಳಲ್ಲಿಯೂ ಅದು ಅಡಗುವುದುಂಟು.

ನಮ್ಮ ಕೊಟ್ಟಿಗೆಗೂ ತಟ್ಟಿಯೇ ಇತ್ತು. ಒಂದು ಮಳೆಗಾಲದ ರಾತ್ರಿ ಎಳೆಗರುವನ್ನು ಚಿರತೆ ಎಳೆದೊಯ್ದ ಮೇಲೆ ನಮಗೆ ಬುದ್ಧಿ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅರಣ್ಯ ಇಲಾಖೆಯ ಪರಿಹಾರವನ್ನು ಕೇಳಲೇಬೇಕು. ಆದರೆ ಅದು ಜಾನುವಾರು ಸತ್ತ ಮೇಲಿನ ಮಾತು.

ಬಾಗಿಲನ್ನು ಪೇಟೆಯಲ್ಲಿ ಕೊಳ್ಳಬೇಕಾಗಿಲ್ಲ. ಚೌಕಟ್ಟಿಗೆ ಹಲಸು, ಮೇಲಣ ಪಟ್ಟಿಗಳಿಗೆ ಬಲಿತ ಅಡಿಕೆ ಮರದ ದಬ್ಬೆ ಸಾಕು. ಸಿಲ್ವರ್ ಓಕ್ ಹಲಗೆ ಸುಲಭವಾಗಿ ಸಿಕ್ಕರೂ ಸಗಣಿ-ಗಂಜಳದ ತೇವಕ್ಕೆ ಬೇಗ ಕೊಳೆಯುತ್ತದೆ. ಅಡ್ಡಪಟ್ಟಿಗಳ ನಡುವಿನ ಓರೆಪಟ್ಟಿ ಕೀಲಿನ ಬದಿಯ ಕೆಳಮೂಲೆಯಿಂದ ಚಿಲಕದ ಬದಿಯ ಮೇಲ್ಮೂಲೆಗೆ ಏರಬೇಕು. ತಿರುವುಮುರುವಾದರೆ ಬಾಗಿಲು ಜೋಲುತ್ತದೆ. ಕೀಲುಗಳನ್ನು ಮೊಳೆಯಿಂದ ಹೊಡೆಯದೆ ಬೋಲ್ಟು-ನಟ್ಟಿನಿಂದ ಬಿಗಿಸಬೇಕು. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಹಸು ಅಡ್ಡ ಮಲಗಿದ್ದರೂ ತೆಗೆಯಬಹುದು. ಹೊರಗಿನಿಂದ ತಳ್ಳಿದರೆ ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ. ಕುದುರೆ ಲಾಯದಂತೆ ಎರಡು ತುಂಡಾಗಿ ಮಾಡಿಸಿದರೆ ಹಗಲು ಮೇಲ್ಭಾಗವನ್ನು ತೆರೆದಿಡಬಹುದು. ಆ ಮೇಲ್ಭಾಗಕ್ಕೆ ದಪ್ಪ ಕಬ್ಬಿಣದ ಜಾಲರಿ ಹಾಕಿಸಿದರೆ ರಾತ್ರಿಯೂ ಗಾಳಿಯಾಡುತ್ತದೆ.

ಬಾಗಿಲೊಂದೇ ಸಾಲದು. ಗೋಡೆಗೂ ಹೆಂಚಿಗೂ ನಡುವೆ ಸಂದಿಯಿದ್ದರೆ ಚಿರತೆ ಅಲ್ಲಿಂದ ಇಳಿಯುತ್ತದೆ. ಇನ್ನು ಆನೆಯನ್ನು ತಡೆಯುವ ಬಾಗಿಲನ್ನು ಯಾವ ಬಡಗಿಯೂ ಮಾಡಲಾರ; ಆ ಮಾತು ಬೇರೆ.

'ಇಷ್ಟು ವರ್ಷ ಏನೂ ಆಗಿಲ್ಲ, ಈಗೇಕೆ ಖರ್ಚು?' ಎನ್ನುವ ಸದಸ್ಯರಿದ್ದಾರೆ. ಕರು ಹೋಗುವ ಹಿಂದಿನ ದಿನದವರೆಗೆ ನಾವೂ ಹಾಗೆಯೇ ಎನ್ನುತ್ತಿದ್ದೆವು. ಎರಡು ಹಸುಗಳನ್ನೇ ನಂಬಿದ ಸಣ್ಣ ಹಿಡುವಳಿದಾರರಿಗೆ ಒಂದು ಹಸು ಹೋದರೆ ಡೈರಿಯ ಅರ್ಧ ಬಟವಾಡೆಯೇ ಹೋದಂತೆ. ಆದುದರಿಂದ ಗೊಬ್ಬರಕ್ಕೆ ಕೊಡುವಂತೆ ಕೊಟ್ಟಿಗೆ ಬಾಗಿಲಿಗೂ ಸಂಘ ಸಣ್ಣ ಸಾಲ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮಂಡಿಸುತ್ತೇವೆ. ನೆರೆಯ ಐದಾರು ಮನೆಯವರು ಸೇರಿ ಒಬ್ಬ ಬಡಗಿಯನ್ನು ಕರೆಸಿದರೆ ಕೂಲಿಯೂ ಉಳಿಯುತ್ತದೆ.

ಅಲ್ಲಿಯವರೆಗೆ, ಇಂದು ರಾತ್ರಿ ಮಲಗುವ ಮುನ್ನ ದೀಪ ಹಿಡಿದು ಹೋಗಿ ನಿಮ್ಮ ಕೊಟ್ಟಿಗೆಯ ಬಾಗಿಲನ್ನೊಮ್ಮೆ ಅಲುಗಿಸಿ ನೋಡಿ.

— ಕಾರ್ಯದರ್ಶಿ